ಮುಂದಿನ ಚಕ್ರದ ಮೇಲೆ ನಾಲ್ಕು ಬೆರಳು ಜಾಗ

ಅಣ್ಣ ಜೈನ ಮುನಿದೀಕ್ಷೆ ತೆಗೆದುಕೊಳ್ಳುವ ಮುಂಚೆ ತನ್ನದೆಲ್ಲವನ್ನೂ ಹಂಚಿಬಿಟ್ಟ. ಅಂಗಿಗಳು ಗೆಳೆಯರಿಗೆ, ಫೋನು ಚಿಕ್ಕಪ್ಪನ ಮಗನಿಗೆ, ಕಾರಿನ ಕೀಲಿ ನನಗೆ. ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು. ಕೊಲ್ಹಾಪುರದಲ್ಲಿ ಯಾರೋ ಓಡಿಸಿ ಬಿಟ್ಟದ್ದನ್ನು ಕೊಂಡು ತಂದಿದ್ದ. ಹಿಂದಿನ ಸೀಟು ಹೆಸರಿಗೆ ಮಾತ್ರ. ಅವನಿಗೆ ಅದರ ಬಗ್ಗೆ ಒಂದೇ ತಕರಾರು: ಗಾಡಿ ನೆಲದಿಂದ ಎತ್ತರವಾಗಿ ಕಾಣುತ್ತದೆ. ಮುಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ತೂರಿಸಿ ತೋರಿಸುತ್ತಿದ್ದ.

“ನೋಡಿಲ್ಲಿ. ಬೆಕ್ಕು ಬಂದು ಮಕ್ಕೋಬೇಕು, ಅಷ್ಟು ಜಾಗ ಬಿಟ್ಟಾರ.”

ಅವನು ಹೋದ ಮೇಲೆ ಅಟ್ಟದಲ್ಲಿ ಒಂದು ಭಾರವಾದ ಪೆಟ್ಟಿಗೆ ಸಿಕ್ಕಿತು. ಒಳಗೆ ನಾಲ್ಕು ಗಿಡ್ಡ ಸ್ಪ್ರಿಂಗುಗಳು, ಇನ್ನೂ ಎಣ್ಣೆ ಕಾಗದ ಬಿಚ್ಚಿರಲಿಲ್ಲ. ಗಾಡಿಯನ್ನು ಕೆಳಗಿಳಿಸಲು ತರಿಸಿಟ್ಟವು. ಹಂಚುವಾಗ ಅದೊಂದನ್ನು ಮರೆತಿದ್ದ. ನಾನು ಯಾರಿಗೂ ಹೇಳದೆ ನನ್ನ ಮಂಚದ ಕೆಳಗೆ ಇಟ್ಟುಕೊಂಡೆ.

ಎರಡು ವರ್ಷ ಆ ಕಾರಿನಲ್ಲೇ ಚಿಕ್ಕೋಡಿಯ ಕಾಲೇಜಿಗೆ ಪಾಠ ಹೇಳಲು ಹೋಗಿಬಂದೆ. ಈ ಸಲ ಕಬ್ಬಿನ ಹಂಗಾಮು ಶುರುವಾಗಿ, ಟ್ರ್ಯಾಕ್ಟರುಗಳು ರಸ್ತೆಯನ್ನು ಉತ್ತ ಹೊಲದಂತೆ ಮಾಡಿದ ಮೇಲೆ ಮುಂದಿನ ಸ್ಪ್ರಿಂಗ್ ಒಂದು ತುಂಡಾಯಿತು. ನಿಪ್ಪಾಣಿಯ ಗ್ಯಾರೇಜಿನ ಮಿಸ್ತ್ರಿಯ ಹತ್ತಿರ ಒಯ್ದೆ. ಪೆಟ್ಟಿಗೆಯನ್ನೂ ಒಯ್ದಿದ್ದೆ.

ಆ ಮಿಸ್ತ್ರಿಗೆ ಒಂದು ರೂಢಿಯಿದೆ. ಗಾಡಿಯಲ್ಲಿ ಕೂರುವವರನ್ನೆಲ್ಲ ಕೂರಿಸಿ, ಚಕ್ರದ ಮೇಲಿನ ಜಾಗವನ್ನು ಬೆರಳಿನಿಂದ ಅಳೆದೇ ಕೆಲಸಕ್ಕೆ ಕೈಹಾಕುತ್ತಾನೆ.

“ಯಾರ್ಯಾರು ಕುಂದರ್ತೀರಿ ಅಕ್ಕಾರ?”

“ನಾ ಒಬ್ಬಾಕಿನ.”

ಅವನು ಗಿಡ್ಡ ಸ್ಪ್ರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿದ. “ಮಾಲು ಚಲೋ ಐತಿ. ಆದ್ರ ಬಿರುಸು ಐತ್ರಿ. ತಿರುವಿನಾಗ ನೆಲಾ ಹಿಡಕೊಂಡು ಹೊಕ್ಕೈತಿ, ಖರೆ. ಹಂಪ್ ಬಂತಂದ್ರ ಮಾತ್ರ ಹೊಟ್ಟಿ ಕೆರಕೊಂತೈತಿ. ಕಂಪನಿದು ಹಾಕ್ಲೇನು?”

“ಬ್ಯಾಡ. ಇವನ್ನ ಹಾಕ್ರಿ.”

ನಾನು ಒಬ್ಬಳೇ ಎಂದದ್ದು ಸುಳ್ಳು. ಅಣ್ಣನ ಮುನಿಸಂಘ ಕಾಲ್ನಡಿಗೆಯಲ್ಲಿ ನಮ್ಮ ಸೀಮೆಗೆ ವಿಹಾರ ಬಂದಿತ್ತು. ಅವರು ತಂಗುವ ಊರಿಗೆ ಅವ್ವನನ್ನು ಕರೆದೊಯ್ಯುವುದು ಇದೇ ಕಾರಿನಲ್ಲಿ. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಆಹಾರ ಸ್ವೀಕರಿಸುತ್ತಾರೆ. ಇಂಥ ಗುರುತು ಕಂಡ ಬಾಗಿಲಲ್ಲೇ ನಿಲ್ಲುವೆನೆಂದು ಮನಸ್ಸಿನಲ್ಲೇ ನೇಮ ಮಾಡಿಕೊಂಡು ಹೊರಡುತ್ತಾರೆ. ಆ ಗುರುತು ಏನೆಂದು ಯಾರಿಗೂ ಗೊತ್ತಿರುವುದಿಲ್ಲ. ಎರಡು ವರ್ಷದಲ್ಲಿ ಒಮ್ಮೆಯೂ ಅಣ್ಣ ಅವ್ವನ ಮುಂದೆ ನಿಂತಿರಲಿಲ್ಲ. ಅವ್ವನಿಗೆ ಬೇಕಾಗಿದ್ದುದು ಅಷ್ಟೇ: ಒಂದು ಸಲ ತನ್ನ ಕೈಯಿಂದ ಉಣಿಸುವುದು. ನನಗೆ ಬೇಕಾಗಿದ್ದುದು ಬೇರೆ. ಅಣ್ಣ ಉಳಿಸಿಹೋದ ಒಂದೇ ಆಸೆಯನ್ನು ನಾನಾದರೂ ಪೂರೈಸಬೇಕಿತ್ತು.

ಕಾರು ಕೆಳಗಿಳಿಯಿತು, ಚೆನ್ನಾಗಿಯೇ ಕಂಡಿತು. ನಾಲ್ಕು ಬೆರಳಿನ ಜಾಗದಲ್ಲಿ ಈಗ ಒಂದೂವರೆ ಹಿಡಿಯುತ್ತಿತ್ತು.

ಮರುವಾರ ಕಬ್ಬೂರಿಗೆ ಹೊರಟೆವು. ಆಹಾರಕ್ಕೆ ನಳದ ನೀರು ನಡೆಯದು. ಹೋದಲ್ಲಿ ಬಾವಿ ಇರುತ್ತದೋ ಇಲ್ಲವೋ ಎಂದು ಅವ್ವ ನಮ್ಮ ಬಾವಿಯದನ್ನೇ ಸೋಸಿ, ಕಾಸಿ, ಹಿತ್ತಾಳೆಯ ಕೊಡದಲ್ಲಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಊರು ಇನ್ನೂ ಸ್ವಲ್ಪ ದೂರವಿರುವಾಗ, ಊರವರೇ ಹಾಕಿಕೊಂಡಿದ್ದ ಒಂದು ಮಣ್ಣಿನ ಹಂಪಿನ ಮೇಲೆ ಕಾರಿನ ಹೊಟ್ಟೆ ಕುಳಿತುಬಿಟ್ಟಿತು. ಕೊಡ ವಾಲಿ ಅವ್ವನ ಮಡಿಲೆಲ್ಲ ನೀರಾಯಿತು. ಹೊಲದಲ್ಲಿದ್ದ ನಾಲ್ಕು ಜನ ಬಂದು ಎತ್ತಿ ದಾಟಿಸಿದರು. ಒಬ್ಬಾತ ನಗುತ್ತ, “ಏನವ್ವಾ ಇದು, ಗಾಡಿ ಐತೋ ಆಮಿ ಐತೋ?” ಎಂದ.

ನಾವು ತಲುಪಿ, ಮತ್ತೆ ಬಾವಿ ಹುಡುಕಿ, ನೀರು ಕಾಸುವಷ್ಟರಲ್ಲಿ ಮುನಿಗಳ ಆಹಾರ ಮುಗಿದಿತ್ತು. ತಿರುಗಿ ಬರುವಾಗ ಚಿಕ್ಕೋಡಿ ದಾಟಿದ ಮೇಲೆ ಅವ್ವ ಕೇಳಿದಳು.

“ಮದಲ ಹಿಂಗ ಕುಕ್ಕತಿರಲಿಲ್ಲಲ್ಲಾ ಇದು?”

ಮನೆಗೆ ಬಂದ ಮೇಲೆ ಗಿಡ್ಡ ಸ್ಪ್ರಿಂಗುಗಳ ಎಣ್ಣೆ ಕಾಗದ ತೋರಿಸಿ ಎಲ್ಲ ಹೇಳಿದೆ. ಅವ್ವ ಆ ಕಾಗದವನ್ನು ನೆಟ್ಟಗೆ ಮಡಚಿದಳು.

“ಅಂವಾನ ಬಿಟ್ಟಾನ. ನೀ ಯಾಕ ಹಿಡಕೊಂಡೀ ತಂಗಿ?”

ಎರಡನೆಯ ಸಲ ಮಿಸ್ತ್ರಿಯ ಹತ್ತಿರ ಅವ್ವನೂ ಬಂದಳು, ತುಂಬಿದ ಕೊಡದೊಂದಿಗೆ. ಅವನು ಅವ್ವನನ್ನೂ ಕೊಡವನ್ನೂ ನೋಡಿ ನನ್ನ ಕಡೆ ತಿರುಗಿದ.

“ಒಬ್ಬಾಕಿನ ಅಂದಿದ್ರಲ್ರೀ ಅಕ್ಕಾರ?”

ನಾನು ಅವ್ವನಿಗೆ ಕಾರಿನ ಬಾಗಿಲು ತೆಗೆದೆ.

“ಬರ್ರಿ ಆಯಿ, ಕುಂದರ್ರಿ. ಕೊಡಾನೂ ಇರ್ಲಿ.” ಕಂಪನಿಯ ಸ್ಪ್ರಿಂಗ್ ಹಾಕಿದ ಮೇಲೆ ಮತ್ತೊಮ್ಮೆ ಕೂರಿಸಿ, ಚಕ್ರದ ಮೇಲೆ ಬೆರಳಿಟ್ಟು, ನನಗೂ ಇಡಲು ಹೇಳಿದ. ನಾಲ್ಕಕ್ಕೆ ತುಸು ಕಡಿಮೆ. ಗಿಡ್ಡ ಸ್ಪ್ರಿಂಗುಗಳನ್ನು ಅವನ ಅಂಗಡಿಯಲ್ಲೇ ಬಿಟ್ಟುಬಂದೆ. ಬೇಕಾದವರಿಗೆ ಕೊಡಿ ಎಂದೆ. ದಾರಿಯಲ್ಲಿ ಒಂದು ಸಲ ಕಾರು ತಿರುಗಿಸಬೇಕು ಅನ್ನಿಸಿತು, ತಿರುಗಿಸಲಿಲ್ಲ.

ಸಂಘ ಮುಂದೆ ತಂಗಿದ್ದು ಕರೋಶಿಯಲ್ಲಿ. ಅಲ್ಲಿ ಪರಿಚಯದ ಶ್ರಾವಕರೊಬ್ಬರ ಮನೆಯಲ್ಲಿ ಅಡಿಗೆಗೆ ಜಾಗ ಕೊಟ್ಟರು. ಚಳಿ ಇನ್ನೂ ಬಿಟ್ಟಿರದ ಬೆಳಗು. ಕೊಡದಿಂದ ಒಂದು ಹನಿಯೂ ಚೆಲ್ಲಿರಲಿಲ್ಲ. ಅವ್ವ ಮಡಿ ಸೀರೆ ಉಟ್ಟು, ಕಳಶ ಹಿಡಿದು ಬಾಗಿಲಲ್ಲಿ ನಿಂತಳು. ಓಣಿಯ ತುದಿಯಲ್ಲಿ ಅಣ್ಣ ಕಾಣಿಸಿದ. ಈಗ ಅವನನ್ನು ಹಾಗೆ ಕರೆಯಬಾರದು. ಎರಡು ಬಾಗಿಲು ದಾಟಿ ಬಂದರು. “ನಮೋಸ್ತು, ನಮೋಸ್ತು” ಎಂದಳು ಅವ್ವ. ಅವರು ನಿಂತರು.

ಯಾವ ಗುರುತಿಗೆ ನಿಂತರೋ ನಾವು ಕೇಳಲಿಲ್ಲ. ಅವ್ವ ನಮ್ಮ ಬಾವಿಯ ನೀರನ್ನು ಬೊಗಸೆಗೆ ಸುರಿದಳು. ನಾನು ಲೋಟದ ತಳ ಹಿಡಿದುಕೊಂಡೆ. ಅವರು ಬೊಗಸೆಯನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ಮುಗಿದ ಮೇಲೆ ನವಿಲುಗರಿಯ ಪಿಂಛಿ, ಕಮಂಡಲು ಹಿಡಿದು ಹೊರಗೆ ಬಂದರು. ಮುನಿಗಳು ನಡೆಯುವಾಗ ಮುಂದಿನ ನಾಲ್ಕು ಮೊಳ ನೆಲವನ್ನಷ್ಟೇ ನೋಡುತ್ತಾರೆ, ಕಾಲಡಿ ಇರುವೆ ಸಿಗಬಾರದೆಂದು. ನಮ್ಮ ಕಾರು ಓಣಿಯ ಬದಿಗೆ ನಿಂತಿತ್ತು. ಅದರ ಮುಂದಿನ ಚಕ್ರದ ಹತ್ತಿರ ಅವರ ಹೆಜ್ಜೆ ನಿಂತಿತು.

ಟೈರಿನ ಮೇಲೆ, ಮಡ್‌ಗಾರ್ಡಿನ ಕೆಳಗಿನ ಜಾಗದಲ್ಲಿ, ಬೂದು ಬಣ್ಣದ ಬೆಕ್ಕಿನ ಮರಿಯೊಂದು ಸುರುಳಿ ಸುತ್ತಿ ಮಲಗಿತ್ತು. ಚಳಿಗೆ ಮರೆ ಹುಡುಕಿ ಬಂದಿರಬೇಕು.

ಅವರು ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ತುಟಿಯ ಒಂದು ತುದಿ ಅಷ್ಟೇ ಅಲುಗಿತು. ಅದು ನನಗೆ ಗೊತ್ತಿದ್ದ ತುದಿ.

“ನೋಡಿ ತಗೀರಿ ಗಾಡಿ,” ಎಂದರು.

ಅಣ್ಣ ನನಗೆ ಬಹುವಚನ ಹಚ್ಚಿ ಮಾತಾಡಿದ್ದು ಅದೇ ಮೊದಲು. ಅವರು ಓಣಿ ತಿರುಗುವವರೆಗೆ ಕೈ ಮುಗಿದು ನಿಂತಿದ್ದೆ.

ಅವ್ವ ಖಾಲಿ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಸೀಟಿನಲ್ಲಿ ಕುಳಿತಳು. ನಾನು ಮರಿಯನ್ನು ಎತ್ತಿಡಲು ಬಗ್ಗಿದೆ.

“ಎಬ್ಬಿಸಬ್ಯಾಡ. ತಾನ ಏಳಲಿ,” ಎಂದಳು.

ಅದು ಏಳುವವರೆಗೆ ಕಾದೆವು.