ಅಕ್ಕನ ಕೌದಿ ಹೋದ ದೇಶ

ಅಕ್ಕ ಹೇಳಿಕಳಿಸಿದ ಬೆಲೆಯನ್ನು ನಾನು ಬಾಯಿಬಿಟ್ಟು ಕೇಳಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು, ಸುತ್ತಿ ಬಳಸಿ ಬರೆಯಲು ಬಾರದು.

ಎಂಬತ್ತರ ದಶಕದ ಒಂದು ಬೇಸಿಗೆ. ರಾಯಚೂರಿನ ಸೇಠರೊಬ್ಬರು ಕೌದಿ ಕೊಂಡು ಹೊರದೇಶಕ್ಕೆ ಕಳಿಸುತ್ತಾರೆಂಬ ಸುದ್ದಿಯಿತ್ತು. ಮಾನ್ವಿಯಲ್ಲಿದ್ದ ಅಕ್ಕ ದಿನಾ ಕೂಲಿಯಿಂದ ಬಂದ ಮೇಲೆ ಹಳೆಯ ಸೀರೆಗಳ ತುಂಡು ಜೋಡಿಸಿ ಮೂರು ತಿಂಗಳು ಹೊಲಿದ ಕೌದಿಯನ್ನು ದೇವದುರ್ಗಕ್ಕೆ, ನನ್ನ ಮನೆಗೆ ಕಳಿಸಿದಳು. "ನೂರಾ ಐವತ್ತಕ್ಕ ಒಂದ್ ಪೈಸಾ ಕಡಿಮಿ ಇಲ್ಲ ಅನ್ನು" ಎಂಬ ಮಾತೂ ಜೊತೆಗೆ ಬಂತು.

ಬೆಳಗಿನ ಬಸ್ಸಿಗೆ ಐದು ರೂಪಾಯಿ ಕೊಟ್ಟು ಹೊರಟೆ. ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ರೊಟ್ಟಿ ಚೂರು, ಸಕ್ಕರೆ ಇಡುತ್ತಾರೆ, ಕೌದಿ ಹಸಿದಿರಬಾರದೆಂಬ ನಂಬಿಕೆ. ಸೇಠರು ಅದನ್ನು ಕಂಡು ಹೇಸಿಯಾರು ಎಂದು ದಾರಿಯಲ್ಲೇ ಆ ಮೂಲೆಯ ಹೊಲಿಗೆ ಬಿಚ್ಚಿ, ರೊಟ್ಟಿಯನ್ನು ಕಿಟಕಿಯಾಚೆ ಎಸೆದೆ.

ರಾಯಚೂರಿನ ಬಿಸಿಲು ಹೆಂಚಿನಂತೆ ಕಾದಿತ್ತು. ಸೇಠರು, "ಬರ್ರಿ, ಎಷ್ಟು ಹೇಳ್ತೀರಿ?" ಎಂದರು. ಬಿಚ್ಚಿದ ಮೂಲೆ, ಹಳೆಯ ಸೀರೆಗಳ ತುಂಡು ನೋಡಿ ನನಗೇ ನಾಚಿಕೆಯಾಯಿತು. "ಅರವತ್ತು" ಎಂದುಬಿಟ್ಟೆ. ಅವರು ಮರುಮಾತಿಲ್ಲದೆ ಎಣಿಸಿಕೊಟ್ಟರು.

ಆಮೇಲೆ ಒಂದು ಫೋಟೊ ತೋರಿಸಿದರು. ಹೊರದೇಶದ ಬೆಳ್ಳನೆಯ ಗೋಡೆಯ ಮೇಲೆ, ದೇವರ ಪಟದ ಹಾಗೆ, ಒಂದು ಕೌದಿ!

"ಅಲ್ಲಿ ಇದಕ್ಕ ಎರಡು ಸಾವಿರ. ಅಲ್ಲಿ ಕೂಲಿಯಾಂವ ನಾಲ್ಕೈದು ದಿನ ದುಡಿದ್ರ ಬರ್ತದ. ನೀವು?"

ನಮ್ಮ ಕೂಲಿ ದಿನಕ್ಕೆ ಎಂಟು ರೂಪಾಯಿಯಂತೆ ಬೆರಳು ಮಡಿಚಿದೆ. ಬೆರಳು ಸಾಲಲಿಲ್ಲ.

"ಕೂಲಿ ಸಿಗದ ದಿನಾ ಸೇರಿದ್ರ ಒಂದ್ ವರ್ಷ ಬೇಕ್ರಿ" ಎಂದೆ.

"ಅದಕ್ಕಪ್ಪಾ, ಅವರ ಮಷೀನು ನಮಗ ತುಟ್ಟಿ, ನಮ್ಮ ಕೈಕೆಲಸ ಅವರಿಗೆ ಸಸ್ತಾ. ಆ ಮೂಲಿ ಯಾಕ ಬಿಚ್ಚಿದಿ? ರೊಟ್ಟಿ ಕಥಿ ಹೇಳಿದ್ರ ಅವರು ಇನ್ನೂ ಹೆಚ್ಚು ಕೊಡ್ತಾರ. ನೀ ನೂರಾ ಐವತ್ತು ಕೇಳಿದ್ರೂ ನಾ ಕೊಡ್ತಿದ್ದೆ."

"ಈಗ ಕೊಡ್ರಿ."

"ಸೌದಾ ಮುಗೀತಲ್ಲೋ!"

ಸಂಜೆ ಮಾನ್ವಿ ಬಸ್ಸು ಹಿಡಿದೆ. ಒಂದೇ ಸೂರ್ಯನ ಕೆಳಗೆ ಒಂದೇ ಹೊಲಿಗೆಗೆ ಒಂದು ಕಡೆ ವಾರದ ದುಡಿಮೆ, ಒಂದು ಕಡೆ ವರ್ಷದ್ದು! ಹೊಲಗಳು ಹಿಂದೆ ಸರಿಯುತ್ತಿದ್ದರೂ ನನ್ನ ಬೆರಗು ಸರಿಯಲಿಲ್ಲ.

ಗೋಡೆಯ ಸುದ್ದಿ ಕೇಳಿ ಅಕ್ಕ ಬಿದ್ದು ಬಿದ್ದು ನಕ್ಕಳು. "ಅಲ್ಲಿ ಗ್ವಾಡಿಗೂ ಚಳಿ ಹತ್ತತದೇನೋ? ಇರಲಿ, ನಿನಗೆಷ್ಟು ಕೊಟ್ರು?"

ಅರವತ್ತನ್ನು ಅವಳ ಕೈಗಿಟ್ಟೆ. ಅವಳ ನಗು ನಿಂತಿತು.

"ಅವ್ರು ಕಡಿಮಿ ಮಾಡಲಿಲ್ಲ ಯಕ್ಕಾ, ನಾನೇ ಅರವತ್ತು ಅಂದೆ. ನಿನ್ನ ಕೆಲ್ಸ ಹರಕ ಬಟ್ಟಿ ಅರಿವಿ ಅಂತ ನಾಚಿಕೊಂಡೆ. ನಂದು ತಪ್ಪಾತು."