ಐರಣಿ ರಸ್ತೆಯ ಗುಡ್ಡಕ್ಕೆ ಹತ್ತು ನಿಮಿಷ

೧೯೮೯, ಜನವರಿ ತಿಂಗಳ ಒಂದು ಭಾನುವಾರ, ಸಂಜೆ ಐದೂವರೆ. ಸ್ಥಳ: ರಾಣೆಬೆನ್ನೂರಿನಿಂದ ಐರಣಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಗೋವಿನಜೋಳ ಕೊಯ್ದ ಒಂದು ಹೊಲ. ಇದ್ದವರು: ನಾನು ಮತ್ತು ನನ್ನ ಅಣ್ಣ.

ದಿನಚರಿಯಲ್ಲಿ ಹೀಗೇ ಬರೆದುಕೊಂಡಿದ್ದೇನೆ. ನಾನು ಆಗ ಹಾವೇರಿಯಲ್ಲಿ ನರ್ಸ್. ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಹೊತ್ತು, ಹಾಜರಿದ್ದವರು, ಉಳಿದ ಕೆಲಸ ಇವಿಷ್ಟನ್ನು ಬರೆದಿಟ್ಟೇ ಹೊರಗೆ ಬರಬೇಕು. ಆ ರೂಢಿ ಮನೆಯ ದಿನಚರಿಗೂ ಅಂಟಿಕೊಂಡಿತ್ತು.

ಅಣ್ಣನಿಗೆ ರಾಣೆಬೆನ್ನೂರಿನಲ್ಲಿ ಫೋಟೋ ಸ್ಟುಡಿಯೋ ಇತ್ತು. ಮೂವತ್ತು ವರ್ಷ ಜನರನ್ನು ಸ್ಟೂಲಿನ ಮೇಲೆ ಕೂರಿಸಿ, ಬೆನ್ನ ಹಿಂದೆ ಬಣ್ಣದ ಪರದೆ ಇಳಿಬಿಟ್ಟು ಫೋಟೋ ತೆಗೆದವನು. ಅವನಿಗೆ ಇರುಳುಗುರುಡು. ಹಗಲಿನಲ್ಲಿ, ಜೋರು ದೀಪದ ಕೆಳಗೆ ಏನೂ ತೊಂದರೆಯಿಲ್ಲ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾದರೆ ಸಾಕು, ಉರಿಯುವ ದೀಪವೊಂದನ್ನು ಬಿಟ್ಟು ಉಳಿದದ್ದೆಲ್ಲ ಕಪ್ಪು. ಮೂವತ್ತರ ವಯಸ್ಸಿನ ಆಸುಪಾಸಿನಲ್ಲಿ ಶುರುವಾದದ್ದು. ಬ್ಯಾಡಗಿಯ ಮದುವೆಯೊಂದರಲ್ಲಿ ಸಂಜೆಯ ಮೆರವಣಿಗೆಯ ಫೋಟೋ ತೆಗೆಯಲು ಹೋಗಿ ಚರಂಡಿಯಲ್ಲಿ ಕಾಲಿಟ್ಟ ಮೇಲೆ ಸಂಜೆಯ ಕೆಲಸಗಳನ್ನೆಲ್ಲ ಬಿಟ್ಟಿದ್ದ. ಅದಕ್ಕೆ ಔಷಧಿಯಿಲ್ಲವೆಂದೂ ಮುಂದೆ ಹಗಲಿನ ದೃಷ್ಟಿಯೂ ಕಿರಿದಾಗುತ್ತ ಹೋಗುತ್ತದೆಂದೂ ಹುಬ್ಬಳ್ಳಿಯ ಡಾಕ್ಟರು ಹಿಂದಿನ ತಿಂಗಳು ಹೇಳಿದ್ದರು.

ಅದನ್ನು ಕೇಳಿಕೊಂಡು ಬಂದ ದಿನ ಅವನು ನನ್ನ ಹತ್ತಿರ ಒಂದೇ ಮಾತು ಕೇಳಿದ್ದ. ಹೊತ್ತು ಮುಳುಗಿದ ಮೇಲೆ ಐರಣಿ ರಸ್ತೆಯ ಗುಡ್ಡ ಹೇಗಿರುತ್ತದೆ ಎನ್ನುವುದನ್ನು ಇಪ್ಪತ್ತು ವರ್ಷದಿಂದ ನೋಡಿಲ್ಲ, ಹಗಲುಗಣ್ಣು ಇರುವಾಗಲೇ ಒಮ್ಮೆ ನೋಡಬೇಕು. ಕಣ್ಣಿಗೆ ಆಗದ್ದು ಫಿಲ್ಮಿಗೆ ಆಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಕ್ಯಾಮೆರಾವನ್ನು ಕದಲದಂತೆ ನಿಲ್ಲಿಸಿ ಶಟರನ್ನು ನಿಮಿಷಗಟ್ಟಲೆ ತೆರೆದಿಟ್ಟರೆ, ಇದ್ದಷ್ಟು ಬೆಳಕನ್ನು ಫಿಲ್ಮು ಸ್ವಲ್ಪಸ್ವಲ್ಪವಾಗಿ ಕೂಡಿಹಾಕಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಲೆನ್ಸಿನ ಅಳತೆ ನೋಡಲು, ಗಡಿಯಾರ ಓದಲು ಒಬ್ಬರು ಬೇಕು. ಅದಕ್ಕೆ ನಾನು.

ಹೊಸ ರೋಲು ಹಾಕೋಣವೆಂದೆ. ಅವನು ಒಪ್ಪಲಿಲ್ಲ. ಪರೀಕ್ಷೆಯ ಅರ್ಜಿಗೆ ಅಂಟಿಸಲು ಹುಡುಗರ ಮುಖಗಳನ್ನು ತೆಗೆದ ರೋಲಿನಲ್ಲಿ ಕೊನೆಗೆ ಮೂರು ಫೋಟೋಗಳಷ್ಟು ಜಾಗ ಉಳಿದಿತ್ತು. ಉಳಿದದ್ದರಲ್ಲೇ ತನ್ನದನ್ನು ಮುಗಿಸುವುದು ಸ್ಟುಡಿಯೋದವರ ಜಾಯಮಾನ. ಆ ಹುಡುಗರ ಫೋಟೋ ಸೋಮವಾರ ಬೆಳಿಗ್ಗೆ ಕೊಡಬೇಕಿದ್ದರಿಂದ ರೋಲನ್ನು ಅದೇ ರಾತ್ರಿ ತೊಳೆಯಲೇಬೇಕಿತ್ತು. ಹಾಗಾಗಿ ಸಂಜೆಯೂ ಅದೊಂದೇ, ಅವಕಾಶವೂ ಮೂರೇ.

ಬೆಳಕಿದ್ದಾಗಲೇ ಅಣ್ಣ ಎಲ್ಲ ಸಜ್ಜುಮಾಡಿದ. ಸ್ಟ್ಯಾಂಡಿನ ಮೂರೂ ಕಾಲಿಗೆ ಕಲ್ಲು ಒತ್ತಿಟ್ಟ. ಗುಡ್ಡದ ಎಡಕ್ಕೆ ಕುಮಾರಪಟ್ಟಣದ ಫ್ಯಾಕ್ಟರಿಯ ಬೆಳಕು ಆಕಾಶಕ್ಕೆ ಬಡಿಯುವುದೆಂದು ಲೆನ್ಸನ್ನು ಸ್ವಲ್ಪ ಬಲಕ್ಕೆ ತಿರುಗಿಸಿದ. ಶಟರಿಗೆ ಒಂದು ಗೇಣುದ್ದದ ವೈರು, ಅದರ ತುದಿಗೆ ಗುಂಡಿ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುತ್ತದೆ, ಬಿಟ್ಟರೆ ಮುಚ್ಚುತ್ತದೆ. ಒತ್ತಿದ್ದು ನಿಲ್ಲಲೆಂದು ಇದ್ದ ಸ್ಕ್ರೂ ಸವೆದುಹೋಗಿತ್ತು. ಹೆಬ್ಬೆರಳಿನಲ್ಲೇ ಹಿಡಿಯಬೇಕು. ಆ ಕೆಲಸ ನನ್ನದು. ರಸ್ತೆಯಲ್ಲಿ ಗಾಡಿ ಬಂದರೆ ಅದರ ಬೆಳಕು ಹೊಡೆಯದಂತೆ ಲೆನ್ಸಿನ ಮುಂದೆ ಕಪ್ಪು ರಟ್ಟು ಹಿಡಿಯುವುದು ಅವನ ಕೆಲಸ.

ಮೊದಲನೆಯದನ್ನು ಆರೂ ಇಪ್ಪತ್ತೈದಕ್ಕೆ ತೆಗೆದೆವು, ಇಪ್ಪತ್ತು ಸೆಕೆಂಡು. ನಾನು ಅವಸರ ಮಾಡಿದ್ದೆ. ಇನ್ನೂ ಕಾಣಾಕತ್ತೈತಿ ನನಗ, ಇದಲ್ಲ ನಾ ಕೇಳಿದ್ದು ಎಂದ ಅಣ್ಣ.

ಎರಡನೆಯದಕ್ಕೆ ನಾಲ್ಕು ನಿಮಿಷವೆಂದು ಗೊತ್ತುಮಾಡಿದೆವು. ಆರೂ ನಲವತ್ತು. ಗುಡ್ಡದ ಬೆನ್ನು ಮಾತ್ರ ಗೆರೆಯಾಗಿ ಉಳಿದಿತ್ತು. ಗುಂಡಿ ಒತ್ತಿ, ವಾರ್ಡಿನಲ್ಲಿ ನಾಡಿ ಎಣಿಸಿದಂತೆ ಕೈಗಡಿಯಾರದ, ಕತ್ತಲಲ್ಲೂ ಹೊಳೆಯುವ ಸೆಕೆಂಡಿನ ಮುಳ್ಳಿನ ಮೇಲೆ ಕಣ್ಣಿಟ್ಟೆ. ಒಂದು ನಿಮಿಷ ಕಳೆದಿರಬೇಕು. ಗುಡ್ಡದ ಬುಡದ ಊರಿನಲ್ಲಿ ಮೊದಲ ದೀಪ ಹತ್ತಿತು. ಅಣ್ಣನಿಗೆ ಕಾಣುವುದು ಅದೊಂದೇ ಅಲ್ಲವೇ. ಅವನು ರಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಕೈ ಮುಗಿದ. ನಾನೂ ಮುಗಿದೆ. ಹುಟ್ಟಿದಾಗಿನಿಂದ ಸಂಜೆ ದೀಪ ಹಚ್ಚಿದಾಗ, ಈಗೀಗ ಟ್ಯೂಬ್‌ಲೈಟಿನ ಸ್ವಿಚ್ ಒತ್ತಿದಾಗಲೂ, ಮುಗಿಯುತ್ತ ಬಂದ ಕೈ. ವೈರು ಕೆಳಗೆ ಜೋತುಬಿತ್ತು. ಕಟ್ ಎಂದು ಶಟರ್ ಮುಚ್ಚಿದ ಸದ್ದು ಕೇಳಿದ ಮೇಲೆಯೇ ನನಗೆ ಎಚ್ಚರ.

ಔಷಧಿಯ ಹೊತ್ತನ್ನು ಒಂದು ನಿಮಿಷ ತಪ್ಪಿಸಿದ್ದಕ್ಕೆ ಟ್ರೇನಿ ಹುಡುಗಿಯರನ್ನು ಅಳಿಸಿದವಳು ನಾನು. ವೈರನ್ನು ಮತ್ತೆ ಹಿಡಿದು, ತಪ್ಪಾಯಿತೆಂದು ಅಣ್ಣನಿಗೆ ಹೇಳಿದೆ.

ಅವನು ನಕ್ಕ. "ಪುಣ್ಯಾ ಬಂತಲ್ಲ ಬಿಡು ತಂಗಿ. ಫೋಟೋ ಇನ್ನೊಂದೈತಿ."

ನಾನು ನಗಲಿಲ್ಲ. ಉಳಿದದ್ದು ಒಂದೇ. ಕತ್ತಲೆ ಹೆಚ್ಚಿದ್ದರಿಂದ ಅದಕ್ಕೆ ಹತ್ತು ನಿಮಿಷ ಬೇಕೆಂದು ಅಣ್ಣ ಲೆಕ್ಕ ಹಾಕಿದ. ವೈರನ್ನು ಬಲಗೈಗೆ ಒಂದು ಸುತ್ತು ಸುತ್ತಿಕೊಂಡೆ. ಆರೂ ಐವತ್ತಕ್ಕೆ ಒತ್ತಿದೆ.

ಎರಡು ನಿಮಿಷಕ್ಕೆ ಬಸ್ಸು ಬಂತು. ಅದರ ಸದ್ದು ಕೇಳಿಯೇ ಅಣ್ಣ ರಟ್ಟು ಹಿಡಿದು, ಸದ್ದು ದೂರವಾದ ಮೇಲೆ ತೆಗೆದ. ಆ ಅರ್ಧ ನಿಮಿಷವನ್ನು ನಾನು ಕೊನೆಗೆ ಸೇರಿಸಿಕೊಂಡೆ. ಆರನೆಯ ನಿಮಿಷದಲ್ಲಿ ನಮ್ಮ ಹಿಂದಿನಿಂದ ಬ್ಯಾಟರಿಯ ಬೆಳಕು ಕುಣಿಯುತ್ತ ಬಂತು. ಹೊಲದ ಯಜಮಾನ. ಕತ್ತಲಲ್ಲಿ ನಿಂತ ಇಬ್ಬರು ವಯಸ್ಸಾದವರನ್ನು ಕಂಡು ದಾರಿ ತಪ್ಪಿದವರೆಂದೇ ತಿಳಿದಿದ್ದ. ಬ್ಯಾಟರಿಯನ್ನು ನೇರ ನಮ್ಮ ಕಾಲ ಬಳಿಗೆ ಬಿಟ್ಟು, "ಯಾಕ್ರಿ ಬಾಯಾರ, ಇಲ್ಲಿ ನಿಂತೀರಿ? ಬರ್ರಿ, ರಸ್ತಾಕ ಮುಟ್ಟಸ್ತೇನಿ," ಎಂದ.

"ಬ್ಯಾಟರಿ ಆರಸಪಾ ಮೊದಲ," ಎಂದ ಅಣ್ಣ. "ಗುಡ್ಡದ ಫೋಟೋ ತಗ್ಯಾಕತ್ತೇವಿ."

"ಕತ್ತಲದಾಗ?"

"ಹೂಂ, ಕತ್ತಲದಾಗ."

ಅವನು ಆರಿಸಿದ. ಗುಡ್ಡ ಎಲ್ಲಿಗೂ ಹೋಗುವುದಿಲ್ಲ, ಮುಂಜಾನೆ ಬಂದರೆ ತಾನೇ ಚಹಾ ಕುಡಿಸಿ ಗುಡ್ಡ ತೋರಿಸುತ್ತೇನೆ ಎಂದ. ಅಣ್ಣ ತನ್ನ ಕಣ್ಣಿನ ವಿಷಯ ಹೇಳಿದ. ಹೊರಗಿನವರ ಮುಂದೆ ಅವನು ಅದನ್ನು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಯಜಮಾನ ರಸ್ತೆಯ ಕಡೆಗೆ ಹೋಗಿ ನಿಂತು, ಬರುತ್ತಿದ್ದ ಒಂದು ಸೈಕಲನ್ನು ತಡೆದು ಡೈನಮೋ ದೀಪ ಆರುವಂತೆ ಸವಾರನನ್ನು ಇಳಿಸಿ ನಡೆಸಿದ. ಅವನ ಋಣ ನನ್ನ ಮೇಲೆ ಈಗಲೂ ಇದೆ.

ಏಳು ಗಂಟೆ ಅರ್ಧ ನಿಮಿಷಕ್ಕೆ ಹೆಬ್ಬೆರಳು ಬಿಟ್ಟೆ. ಅದು ಮರಗಟ್ಟಿ ಮಡಚಲು ಬರುತ್ತಿರಲಿಲ್ಲ. ಅಣ್ಣನ ತೋಳು ಹಿಡಿದು ಬದುವಿನ ಮೇಲೆ ನಡೆಸಿಕೊಂಡು ಬಂದು ಬಸ್ಸು ಹಿಡಿದೆವು.

ಎಂಟಕ್ಕೆ ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿದ್ದೆವು. ಫಿಲ್ಮನ್ನು ಡಬ್ಬಿಯೊಳಗಿನ ಸುರುಳಿಗೆ ಸುತ್ತುವಾಗ ಚೂರೂ ಬೆಳಕು ಇರಬಾರದು. ಅಲ್ಲಿ ನಾನು ಕುರುಡಿ. ಗೋಡೆಗೆ ಆತು ನಿಂತೆ. ಅಣ್ಣನ ಬೆರಳುಗಳು ಸರಸರ ಓಡಿದ್ದು ಕೇಳಿಸಿತು, ಅಷ್ಟೇ. ಮಕ್ಕಳಾಗಿದ್ದಾಗಲೂ ರಾತ್ರಿ ದೀಪ ಆರಿದರೆ ನನಗೆ ನೀರು ಕೊಡುತ್ತಿದ್ದವನು ಅವನೇ. ಫಿಲ್ಮು ತೊಳೆಯುವ ಔಷಧಿ ಹಾಕಿದ್ದು, ಡಬ್ಬಿ ಅಲ್ಲಾಡಿಸಿದ್ದು ಅವನು. ನಿಮಿಷ ಹೇಳಿದ್ದು ನಾನು.

ತೊಳೆದ ಫಿಲ್ಮಿನಲ್ಲಿ ಮೂವತ್ತಮೂರು ಹುಡುಗರು, ಆಮೇಲೆ ಮೂರು ಗುಡ್ಡ. ಮೊದಲನೆಯದು ಯಾರಾದರೂ ತೆಗೆಯಬಹುದಾದದ್ದು. ಕೈ ಮುಗಿದಾಗಿನದು ಏನೂ ಮೂಡದೆ ಬರೀ ಗಾಜಿನಂತೆ ತೆಳ್ಳಗೆ. ಮೂರನೆಯದರಲ್ಲಿ ಏನೋ ಇತ್ತು. ಅರ್ಜೆಂಟ್ ಗಿರಾಕಿ ಕೂತಿದ್ದರೆ ಮಾಡುವಂತೆ ಫಿಲ್ಮನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬೇಗ ಒಣಗಿಸಿದೆವು. ಪ್ರಿಂಟು ಹಾಕುವಾಗಿನ ಕೆಂಪು ದೀಪದಲ್ಲಿ ಅಣ್ಣನಿಗೆ ಕಾಗದ ಕಾಣುವುದಿಲ್ಲ. ಆದ್ದರಿಂದ ಔಷಧಿಯ ತಟ್ಟೆಯಲ್ಲಿ ಗುಡ್ಡ ಮೂಡಿದ್ದನ್ನು ಮೊದಲು ನೋಡಿದವಳು ನಾನು.

"ಬಂತೇನು?" ಎಂದ.

"ತಡಿ," ಎಂದೆ. ಮೂಡಿದ ಚಿತ್ರವನ್ನು ನಿಲ್ಲಿಸುವ ಹೈಪೋದ ನೀರಿನಲ್ಲಿ ಇಡಬೇಕಾದಷ್ಟು ಹೊತ್ತು ಇಟ್ಟೇ ದೊಡ್ಡ ದೀಪ ಹಾಕಿದೆ. ಒಂದು ಸೆಕೆಂಡು ಮುಂಚೆ ಹಾಕಲಿಲ್ಲ.

ಅವನು ಒದ್ದೆ ಕಾಗದವನ್ನು ಟ್ಯೂಬ್‌ಲೈಟಿನ ಕೆಳಗೆ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ಗುಡ್ಡದ ಮೈಮೇಲಿನ ಕುರುಚಲು ಗಿಡಗಳು, ಬಂಡೆಗಳು, ಮೇಲೆ ಹತ್ತುವ ಕಾಲುದಾರಿ ಎಲ್ಲ ಇದ್ದವು. ಆಕಾಶದಲ್ಲಿ ಚುಕ್ಕೆಗಳು ಹತ್ತು ನಿಮಿಷದಲ್ಲಿ ಸರಿದಷ್ಟು ಸಣ್ಣ ಸಣ್ಣ ಗೀರು. ಮೂಲೆಯಲ್ಲಿ ಬ್ಯಾಟರಿಯ ಬೆಳಕು ಬಿದ್ದ ನಾಲ್ಕು ಗೋವಿನಜೋಳದ ಕೂಳೆ. ಹೊಲದಲ್ಲಿ ನಿಂತಾಗ ನನ್ನ ಕಣ್ಣಿಗೂ ಗುಡ್ಡದ ಗೆರೆಯ ಹೊರತು ಇದ್ಯಾವುದೂ ಕಂಡಿರಲಿಲ್ಲ. ಅದನ್ನು ಅಣ್ಣನಿಗೆ ಹೇಳಿದೆ.

"ಖರೇ? ನಿನಗೂ ಕಾಣಲಿಲ್ಲ?"

"ಇಲ್ಲಣ್ಣ."

ಅವನು ಬಹಳ ಹೊತ್ತು ನೋಡಿದ. "ಹಂಗಾರ ನಾ ಭಾಳೇನು ಕಳಕೊಂಡಿಲ್ಲ," ಎಂದ.

ಡಾರ್ಕ್‌ರೂಮಿನ ಹೊರಗೆ ಸ್ಟೂಲು ಎಳೆದು, ಫೋಟೋದ ಸಮೇತ ಅವನನ್ನು ಅಲ್ಲಿಯ ದೀಪದ ಕೆಳಗೆ ಕೂರಿಸಿದೆ. ಬಾಗಿಲು ಮುಚ್ಚಿಕೊಂಡು, ಹುಡುಗರ ಮೂವತ್ತಮೂರು ಮುಖಗಳನ್ನು ಅವನು ಹೊರಗಿನಿಂದ ಹೇಳಿಕೊಟ್ಟಂತೆ ನಾನೇ ಪ್ರಿಂಟು ಹಾಕಿದೆ, ತೊಳೆದೆ, ದಾರಕ್ಕೆ ಕ್ಲಿಪ್ಪು ಹಾಕಿ ಸಾಲಾಗಿ ತೂಗುಬಿಟ್ಟೆ. ತಟ್ಟೆಗಳನ್ನು ಬೋರಲು ಹಾಕಿ ನೆಲ ಒರೆಸಿದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು.