ಪಾಠ ಮುಗಿಯುವ ತನಕ

ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹಡಗಲಿಯ ಸಂತೆಗಳಲ್ಲಿ ಸ್ಟೀಲ್ ಪಾತ್ರೆ ಮಾರಿ ಅಂಗಡಿ ಕಟ್ಟಿಕೊಂಡವನು ನಾನು. ಎದುರಿಗಿರುವವರಿಗೆ ಏನು ಬೇಕೆಂದು ಗೊತ್ತಾದರೆ ವ್ಯಾಪಾರ ತಾನೇ ಕುದುರುತ್ತದೆ. ಊರಿನ ಪ್ರಾಥಮಿಕ ಶಾಲೆಯ ಅಭಿವೃದ್ಧಿ ಸಮಿತಿಗೆ ಅಧ್ಯಕ್ಷನಾದಾಗಲೂ ಅದೇ ಧೈರ್ಯದಲ್ಲಿದ್ದೆ.

ಗಣಿತದ ಮೇಡಂ ವರ್ಗಾವಣೆಗೆ ಅರ್ಜಿ ಹಾಕುತ್ತಾರೆಂಬ ಸುದ್ದಿ ಬಂತು. ನನ್ನ ಮೊಮ್ಮಗಳು ಅವರ ಐದನೇ ತರಗತಿಯಲ್ಲಿದ್ದಳು. ಅವರು ಹೋದರೆ ಆ ಜಾಗಕ್ಕೆ ಇನ್ನೊಬ್ಬರು ಬರುವುದು ಯಾವ ಕಾಲಕ್ಕೋ. ಬಸ್ ನಿಲ್ದಾಣದಲ್ಲಿ ಅವರನ್ನು ಮಾತಿಗೆಳೆದೆ.

“ಊರಾಗ ಮನಿ ನೋಡಿ ಕೊಡ್ತೀನ್ರಿ ಮೇಡಂ. ಬಾಡಿಗಿ ಚೌಕಾಸಿ ನನಗ ಬಿಡ್ರಿ.”

“ಮನಿ ಐತ್ರಿ ನನಗ.”

“ಬಸ್ಸಿನ ತ್ರಾಸಾದ್ರ ನಮ್ಮ ಆಟೋ ಕಳಸ್ತೀನಿ.”

ಅವರು ನಕ್ಕರು. “ಸಾವ್ಕಾರ್ರ, ನಾನೇನು ನಿಮ್ಮ ಅಂಗಡಿ ಗಿರಾಕಿ ಏನ್ರಿ? ಒಂದು ಪಾಠ ಪೂರಾ ಮಾಡಾಕ ಆಗವಲ್ದು. ಬೋರ್ಡಿನ ಮ್ಯಾಲೆ ಲೆಕ್ಕ ಅರ್ಧ ಆಗಿರ್ತೈತಿ, ಹೆಡ್‌ಮಾಸ್ತರು ಕರೀತಾರಂತ ಯಾರಾದ್ರೂ ಬಂದು ನಿಂತಿರ್ತಾರ.”

ಅದಕ್ಕೆ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಹೆಡ್‌ಮಾಸ್ತರರು ಕೆಟ್ಟವರಲ್ಲ, ಮೇಲಿನ ಕಚೇರಿಯಿಂದ ಫೋನ್ ಬಂದರೆ ಗಾಬರಿಯಾಗಿ ಎಲ್ಲರನ್ನೂ ಕರೆಸುತ್ತಿದ್ದರು. ಕೆಲ ದಿನಗಳಲ್ಲೇ ಅವರು ನಿವೃತ್ತರಾದರು. ಹರಪನಹಳ್ಳಿ ಕಡೆಯ ಹೆಡ್ ಮೇಡಂ ಬಂದರು.

ಬಿಸಿಯೂಟಕ್ಕೆ ಹೊಸ ತಟ್ಟೆ ಬೇಕಾಗಿತ್ತು. ಆ ಉಸ್ತುವಾರಿ ಗಣಿತದ ಮೇಡಂ ಅವರದು. ಮಾದರಿ ತಟ್ಟೆ ಹಿಡಿದು ಹೋಗಿ, “ಅವರನ್ನ ಕರಸ್ರಿ” ಎಂದು ಹೆಡ್ ಮೇಡಂಗೆ ಹೇಳಿದೆ.

“ಪಾಠ ನಡೀತೈತೆ. ಮುಗೀಲಿ.”

“ಎರಡು ಮಾತಷ್ಟೇರಿ.”

“ಎರಡು ಮಾತಿಗೆ ನಾನಿದೀನಲ್ಲ. ಇನ್ಮೇಲೆ ಬಿಸಿಯೂಟ ನಾನೇ ನೋಡ್ಕೊಳ್ತೀನಿ.”

ಅಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಮೇಲಿನ ಕಚೇರಿಯವರಿಗೆ ಯಾವುದೋ ಮಾಹಿತಿ ಕೂಡಲೇ ಬೇಕಿತ್ತು. “ಶಾಲೆ ಬಿಟ್ಟ ಮೇಲೆ ಕಳಿಸ್ತೀನಿ ಸರ್, ಈಗ ಪಾಠದ ಹೊತ್ತು” ಎಂದು ಹೇಳಿ ಇಟ್ಟರು. ಅಧ್ಯಕ್ಷನನ್ನೇ ಕಾಯಿಸುತ್ತಾರಲ್ಲ ಎಂದು ಮುನಿಸಿಕೊಂಡು ಐದನೇ ತರಗತಿಯ ಮುಂದಿನ ವರಾಂಡದಲ್ಲಿ ನಿಂತೆ.

ಒಳಗೆ ಭಿನ್ನರಾಶಿ ನಡೆದಿತ್ತು. “ಅರ್ಧ ರೊಟ್ಟಿ ದೊಡ್ಡದೋ, ಕಾಲು ರೊಟ್ಟಿ ದೊಡ್ಡದೋ?”

ನನ್ನ ಮೊಮ್ಮಗಳ ದನಿ ಕೇಳಿಸಿತು. “ಯಾರ ಮನಿ ರೊಟ್ಟೀರಿ ಮೇಡಂ? ನಮ್ಮಜ್ಜಿ ಕಾಲು ರೊಟ್ಟಿ ನಿಮ್ಮ ಅರ್ಧದಷ್ಟು ಐತಿ.”

ತರಗತಿಯೇ ನಕ್ಕಿತು. ಮೇಡಂ ತಮ್ಮ ಬುತ್ತಿಯ ರೊಟ್ಟಿ ತೆಗೆದು ಅವಳ ಕೈಗಿಟ್ಟರು. “ಹಂಗಾರ ಇದೊಂದನ್ನೇ ಹರದು ತೋರಸು.” ಮೊದಲಾಗಿದ್ದರೆ ರೊಟ್ಟಿ ಹರಿಯುವ ಮುಂಚೆಯೇ ಹೆಡ್‌ಮಾಸ್ತರರ ಕರೆ ಬರುತ್ತಿತ್ತು. ಇವತ್ತು ಕರೆಯಲು ಬಂದವನು ನಾನೇ ಆಗಿದ್ದೆ. ಗಂಟೆ ಬಾರಿಸುವ ತನಕ ತಟ್ಟೆ ಹಿಡಿದು ನಿಂತಿದ್ದೆ.

ಶಾಲೆ ನೋಡಲು ಹೋಗುವವರಿಗೆ ನನ್ನದೊಂದು ಸಲಹೆ. ಗೋಡೆಯ ಬಣ್ಣ ನೋಡಬೇಡಿ. ವರಾಂಡದಲ್ಲಿ ನಿಂತು, ಪಾಠದ ನಡುವೆ ಶಿಕ್ಷಕರನ್ನು ಹೊರಗೆ ಕರೆಸುತ್ತಾರೋ ಇಲ್ಲವೋ ನೋಡಿ. ಮುಖ್ಯಸ್ಥರು ಎಂಥವರೆಂದು ಅಲ್ಲೇ ತಿಳಿಯುತ್ತದೆ.

ವರ್ಗಾವಣೆಯ ಕಾಲ ಬಂತು. ಬಸ್ ನಿಲ್ದಾಣದಲ್ಲಿ ಗಣಿತದ ಮೇಡಂ ಅವರನ್ನು ಮೆಲ್ಲಗೆ ಕೇಳಿದೆ, “ಅರ್ಜಿ ಹಾಕಿದ್ರೇನ್ರಿ?”

“ಇಲ್ರಿ. ಮುಂದಿನ ವರ್ಷ ಆರನೇ ಕ್ಲಾಸಿನವ್ರಿಗೂ ನಾನೇ ಗಣಿತ ತಗೊಳ್ತೀನಂತ ಹೆಡ್ ಮೇಡಂಗ ಹೇಳೀನಿ” ಎಂದು ಬಸ್ ಹತ್ತಿದರು.